ಡಬ್ಬಿಯ ಹತ್ತನೇ ಪಾಲು, ಅಂಗಡಿಯ ಉದ್ರಿ

ಪ್ರಶ್ನೆ: ಮೂಡಲಗಿಯೊಳಗ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ನಮ್ಮ ಓಣಿಯಾಗ ಒಬ್ಬ ಅಕ್ಕ ಅದಾರ, ಕ್ರಿಶ್ಚನ್ನರು. ಕಬ್ಬು ಕಡಿಯೂದು, ಕಳೆ ತೆಗೆಯೂದು, ಸಿಕ್ಕ ಕೂಲಿ ಮಾಡ್ತಾರ. ವಾರದ ಪಗಾರ ಕೈಗೆ ಬಂದ ಕೂಡ್ಲೇ ಹತ್ತರಾಗ ಒಂದು ಪಾಲು ಎಣಿಸಿ ಡಬ್ಬಿಗೆ ಹಾಕಿಟ್ಟು, ಆಮೇಲೆ ಅಂಗಡಿಗೆ ಸಂತಿ ಒಯ್ಯಾಕ ಬರ್ತಾರ. ನಮ್ಮ ಉದ್ರಿ ವಹಿಯಾಗ ಅವರ ಬಾಕಿ ಇನ್ನೂ ಐತಿ. ನಾ ಅದರ ಬಗ್ಗೆ ಮಾತಾಡಿಲ್ಲ, ಮಾತಾಡೂದೂ ಇಲ್ಲ, ಭಾಳ ನಿಯತ್ತಿನ ಮಂದಿ. "ದೇವರದ್ದು ದೇವರಿಗೆ ಹಿಂದಕ್ಕ ಕೊಡಬೇಕಲ್ಲ ಅಣ್ಣಾ" ಅಂತಾರ. ಎಲ್ಲಾ ದೇವರದ್ದೇ ಅಂದಮ್ಯಾಲ ಹಿಂದಕ್ಕ ಕೊಡೂದು ಅಂದ್ರೇನು? ಸಾಲ ಇದ್ದವರು ಹಿಂಗ ಕೊಡೂದು ಅವರ ಧರ್ಮದಾಗ ಸರಿ ಅಂತಾರೇನು? ಆ ರೊಕ್ಕ ಎಲ್ಲಿಗೆ ಹೋಗತೈತಿ?
— ಒಬ್ಬ ಓದುಗ, ಮೂಡಲಗಿ

ಉತ್ತರ: ಉದ್ರಿ ವಹಿ ನಿಮ್ಮ ಕೈಯಲ್ಲಿರುವುದರಿಂದ ಇದನ್ನು ಕೇಳುವ ಹಕ್ಕು ನಿಮಗಿದೆ. ಅಕ್ಕನನ್ನೇ ಕೇಳದೆ ನಮಗೆ ಬರೆದದ್ದು ನಿಮ್ಮ ದೊಡ್ಡತನ. ನಾನು ಗೋಕಾಕ ಸೀಮೆಯ ಹಳ್ಳಿಯೊಂದರ ಮೆಥಡಿಸ್ಟ್ ಮನೆಯಲ್ಲಿ ಹುಟ್ಟಿ ಬೆಳೆದವನು. ಅಂಥದೇ ಒಂದು ನಮ್ಮ ಮನೆಯಲ್ಲೂ ಇತ್ತು. ಡಬ್ಬಿಯ ಬದಲು ಗಡಿಗೆ, ರೊಕ್ಕದ ಬದಲು ಜೋಳ. ಆ ಗಡಿಗೆಯ ಮಾತು ಮುಂದೆ ಬರುತ್ತದೆ.

ಮೊದಲು "ಹಿಂದಕ್ಕೆ ಕೊಡುವುದು". ಹೊಳೆಗೆ ಇಳಿದವರು ಹೊಳೆಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಹೊಳೆಗೇ ಬಿಡುವುದನ್ನು ಘಟಪ್ರಭೆಯ ದಂಡೆಯಲ್ಲಿ ನೀವು ನೋಡಿರುತ್ತೀರಿ. ಅದರಿಂದ ಹೊಳೆ ಹೆಚ್ಚುವುದಿಲ್ಲ ಎಂಬುದು ಬಿಟ್ಟವರಿಗೂ ಗೊತ್ತು. ಬೈಬಲಿನಲ್ಲಿ ದಾವೀದ ಅರಸನ ಒಂದು ಪ್ರಾರ್ಥನೆ ಇದೆ, ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 29ನೇ ಅಧ್ಯಾಯದಲ್ಲಿ. ದೇವಾಲಯ ಕಟ್ಟಲು ಜನ ರಾಶಿ ರಾಶಿ ಬೆಳ್ಳಿ ಬಂಗಾರ ತಂದು ಹಾಕಿದ್ದಾರೆ, ಅರಸ ಹಿಗ್ಗಬೇಕು. ಅವನು ಕೇಳುವುದು ಬೇರೆ: ಇಷ್ಟು ಕೊಡಲು ನಾನೆಷ್ಟರವನು, ನನ್ನ ಜನ ಎಷ್ಟರವರು, ನಿನ್ನ ಕೈಯಿಂದ ಬಂದದ್ದನ್ನೇ ನಿನಗೆ ಕೊಟ್ಟಿದ್ದೇವಲ್ಲ ಎಂದು. ನಿಮ್ಮ ಓಣಿಯ ಅಕ್ಕ ಹೇಳುವ ಮಾತಿನ ಬೇರು ಅಲ್ಲಿದೆ.

ಆದರೆ ಬೊಗಸೆ ನೀರಿನ ಹೋಲಿಕೆ ಪೂರ್ತಿ ಸಾಲದು. ನೀರು ಬಿಟ್ಟವನನ್ನು ಹೊಳೆ ಲೆಕ್ಕ ಕೇಳುವುದಿಲ್ಲ; ಬೈಬಲಿನ ದೇವರು ಕೇಳುತ್ತಾನೆ. ಕನ್ನಡ ಬೈಬಲಿನಲ್ಲಿ ಇದಕ್ಕೊಂದು ಚೆಂದದ ಪದವಿದೆ, ಮನೆವಾರ್ತೆ. ಯಜಮಾನ ಊರಲ್ಲಿಲ್ಲದಾಗ ಅವನ ಮನೆಯ ಕಾಳುಕಡಿ, ಆಳುಕಾಳು, ಕೊಡುಕೊಳ್ಳುವಿಕೆ ನೋಡಿಕೊಳ್ಳುವವನು ಮನೆವಾರ್ತೆಯವನು. ಗ್ರೀಕಿನ ಮೂಲ ಪದವೂ ಹಾಗೇ ಇದೆ: ಮನೆ ಎಂಬುದಕ್ಕೆ ನಿರ್ವಹಣೆ ಎಂಬುದನ್ನು ಜೋಡಿಸಿದ್ದು. ಇಂದು ಕಾಲೇಜುಗಳಲ್ಲಿ ಕಲಿಸುವ ಎಕನಾಮಿಕ್ಸ್ ಎಂಬ ಹೆಸರು ಹುಟ್ಟಿದ್ದೂ ಅದೇ ಬೇರಿನಿಂದ. ಯೇಸುವಿನ ಸುವಾರ್ತೆ ಸಾರಿದ ಪೌಲನು ತನ್ನನ್ನು ಕರೆದುಕೊಂಡದ್ದು ದೇವರ ಮನೆವಾರ್ತೆಯವನೆಂದು. ಯೇಸು ಹೇಳಿದ ಕಥೆಗಳಲ್ಲಿ ದೂರ ಹೋದ ಧಣಿ ಒಂದು ದಿನ ಮರಳಿ ಬಂದು ವಹಿ ತೆಗೆಯಿರಿ ಅನ್ನುವ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಧಣಿ ಕೇಳುವ ಲೆಕ್ಕ ಒಂದು ಪಾಲಿನದಲ್ಲ, ಹತ್ತೂ ಪಾಲಿನದು. ಈ ಮಾತನ್ನು ನೆನಪಿಡಿ, ನಿಮ್ಮ ಉದ್ರಿಗೆ ಬಂದಾಗ ಬೇಕಾಗುತ್ತದೆ.

ನಮ್ಮ ಭಾಗದವರಿಗೆ ಇನ್ನೂ ಹತ್ತಿರದ ಚಿತ್ರವೊಂದಿದೆ. ಲಾವಣಿಗೆ ಹೊಲ ಮಾಡಿದವನಿಗೆ ಕಣದಲ್ಲಿ ರಾಶಿ ಬಿದ್ದ ದಿನ ಗೊತ್ತಿರುತ್ತದೆ, ಇದರಲ್ಲಿ ಧಣಿಯ ಪಾಲಿದೆ, ಉಳಿದದ್ದು ನನ್ನದು ಎಂದು. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಹೇಳುವುದು ಹೆಚ್ಚುಕಡಿಮೆ ಇದನ್ನೇ: ನೆಲ ನನ್ನದು, ನೀವು ಅದರಲ್ಲಿ ಒಕ್ಕಲು ಇದ್ದವರು, ಅದನ್ನು ಶಾಶ್ವತವಾಗಿ ಮಾರುವಂತಿಲ್ಲ. ಸರಿ, ಧಣಿಯ ಪಾಲು ಎಂದು ಹತ್ತರಲ್ಲಿ ಒಂದನ್ನು ಎತ್ತಿಟ್ಟಾಯಿತು. ಧಣಿ ಅದನ್ನು ಏನು ಮಾಡು ಅನ್ನುತ್ತಾನೆ? ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಓದಿದವರಿಗೆ ಆಶ್ಚರ್ಯವಾಗುತ್ತದೆ. ಆ ಪಾಲನ್ನು ಹೊತ್ತು ದೇವರ ಸನ್ನಿಧಿಗೆ ಬನ್ನಿ, ಬಂದು ಮನೆಮಂದಿಯೆಲ್ಲ ಕೂತು ಉಂಡು ಸಂತೋಷಪಡಿ, ದೇವಾಲಯದ ಸೇವೆಗೆ ನಿಂತ, ಹೊಲವಿಲ್ಲದ ಲೇವಿ ಕುಲದವನನ್ನು ಮರೆಯಬೇಡಿ ಎನ್ನುತ್ತದೆ. ದಾರಿ ದೂರವಾದರೆ ಕಾಳು ಮಾರಿ ರೊಕ್ಕ ಕಟ್ಟಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬೇಕಾದದ್ದು ಕೊಂಡು ಉಣ್ಣಿರಿ ಎಂದೂ ಇದೆ. ಮೂರನೇ ವರ್ಷಕ್ಕೆ ಬೇರೆ ಕಟ್ಟಳೆ. ಆ ವರ್ಷದ ಹತ್ತನೇ ಪಾಲು ಊರು ಬಿಟ್ಟು ಹೋಗಬಾರದು. ಊರೊಳಗೇ ಇಡಬೇಕು, ಲೇವಿ, ಪರದೇಶಿ, ತಬ್ಬಲಿ, ವಿಧವೆ ಬಂದು ಹೊಟ್ಟೆ ತುಂಬ ಉಣ್ಣಬೇಕು. ಧಣಿಯ ಪಾಲು ಕೊನೆಗೆ ಹೋಗಿ ಸೇರುವುದು ಹೊಲವಿಲ್ಲದವರ ಒಲೆಗೆ.

ಇನ್ನೊಂದು ವಿಷಯ. ದೇವರು ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಕೊಟ್ಟ ಧರ್ಮಶಾಸ್ತ್ರದಲ್ಲಿ ಹತ್ತನೇ ಪಾಲು ಇರುವುದು ಹೊಲದ ಕಾಳು, ದ್ರಾಕ್ಷಾರಸ, ಎಣ್ಣೆ, ದನಕುರಿಗಳ ಮೇಲೆ. ನಮ್ಮ ಕುರುಬರು ಹಟ್ಟಿಯ ಬಾಗಿಲಲ್ಲಿ ಕುರಿ ಎಣಿಸುವ ಹಾಗೆ, ಕೋಲಿನ ಕೆಳಗೆ ಹಾಯುವ ಪ್ರತಿ ಹತ್ತನೆಯದು ದೇವರದ್ದು. ಬಡಕಲು ಬಂತೆಂದು ಬದಲಿಸುವಂತಿಲ್ಲ, ಕೊಬ್ಬಿದ್ದು ಬಂತೆಂದೂ ಬದಲಿಸುವಂತಿಲ್ಲ. ದಿನಗೂಲಿಯವರ ಬಗ್ಗೆ ಅದೇ ಧರ್ಮಶಾಸ್ತ್ರದಲ್ಲಿ ಎದ್ದು ಕಾಣುವ ಅಪ್ಪಣೆ ಬೇರೆ: ಅವನು ಬಡವ, ಕೂಲಿಯ ಮೇಲೇ ಜೀವ ಇಟ್ಟುಕೊಂಡವನು, ಹೊತ್ತು ಮುಳುಗುವುದರೊಳಗೆ ಅವನ ಕೂಲಿ ಕೊಡು. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆಯನ್ನು ಆರಿಸಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಎಂಬುದೂ ಅಲ್ಲೇ ಇದೆ. ಹೀಗೆ ಬಿಟ್ಟ ಹಕ್ಕಲು ಆಯ್ದೇ ಮೋವಾಬ್ ದೇಶದಿಂದ ಬಂದ ರೂತಳು ತನ್ನ ಅತ್ತೆಯನ್ನು ಸಾಕಿದಳು.

ಹಕ್ಕಲು ಅಂದ ಕೂಡಲೇ ನಿಮಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗಿರಬೇಕು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದಾಗ, ಇದು ಆಸೆಯ ಅಕ್ಕಿ, ತಿರುಗಿ ಅಲ್ಲೇ ಚೆಲ್ಲಿ ಬಾ ಎಂದಳು ಲಕ್ಕಮ್ಮ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಸುರಿಸಿದ ಮನ್ನ ಎಂಬ ಆಹಾರವನ್ನು ಅಂದಂದಿನ ಪಾಲಿಗಿಂತ ಹೆಚ್ಚು ಕೂಡಿಟ್ಟಾಗ ಮರುದಿನ ಅದು ಹುಳ ಬಿದ್ದು ನಾರಿತೆಂಬ ಕಥೆಯನ್ನು ನಾನು ಸಂಡೇ ಸ್ಕೂಲಿನಲ್ಲಿ ಕೇಳಿದೆ, ಲಕ್ಕಮ್ಮನ ಕಥೆಯನ್ನು ಕನ್ನಡ ಶಾಲೆಯಲ್ಲಿ. ಎರಡೂ ನನ್ನವೇ ಕಥೆಗಳು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. 1904ರಲ್ಲಿ ಆ ಮಿಷನ್ ಇಲ್ಲಿಯ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿತು. ಹೀಗಾಗಿ ನಮ್ಮ ಹಳ್ಳಿಗಳ ಅನೇಕ ಕ್ರೈಸ್ತ ಸಭೆಗಳಲ್ಲಿ ಮೆಥಡಿಸ್ಟ್ ರೂಢಿಗಳೇ ಬೇರುಬಿಟ್ಟಿವೆ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ದುಡ್ಡಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವನು ತರುಣನಾಗಿದ್ದಾಗ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು, 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಸಂಪಾದನೆ ಏರಿತು, ಖರ್ಚು ಏರಲಿಲ್ಲ. 1760ರಲ್ಲಿ ಅಚ್ಚಾದ ಹಣದ ಬಳಕೆಯ ಬಗೆಗಿನ ಉಪದೇಶದಲ್ಲಿ ಅವನು ದುಡಿ, ಉಳಿಸು, ಕೊಡು ಎಂಬ ಮೂರನ್ನೂ ಒಟ್ಟಿಗೆ ಹೇಳಿದ. ಮೊದಲೆರಡನ್ನು ಹಿಡಿದು ಮೂರನೆಯದನ್ನು ಬಿಟ್ಟವರ ಬಗ್ಗೆ ಮುಪ್ಪಿನಲ್ಲಿ ಬಹಳ ನೊಂದುಕೊಂಡ.

ಆದರೆ ನಿಮ್ಮ ಪ್ರಶ್ನೆಗೆ ಹತ್ತಿರವಾದ ಕಥೆ ಇಂಗ್ಲೆಂಡಿನ ಬ್ರಿಸ್ಟಲ್ ಊರಿನದು. 1742ರ ಫೆಬ್ರುವರಿ 15. ಅಲ್ಲಿಯ ಮೆಥಡಿಸ್ಟ್ ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ತೀರಿಸುವುದು ಹೇಗೆಂದು ಕೂತು ಮಾತಾಡುತ್ತಿದ್ದಾಗ ಕ್ಯಾಪ್ಟನ್ ಫಾಯ್ ಎಂಬವನು ಎದ್ದು, ಸಾಲ ತೀರುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದ. ಬಹಳ ಮಂದಿ ಬಡವರಿದ್ದಾರೆ, ಅವರಿಂದ ಆಗದು ಎಂದು ಇನ್ನೊಬ್ಬರು ತಡೆದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಟ್ಟಿಗೆ ಬರೆಯಿರಿ ಎಂದ ಫಾಯ್. ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ. ಹೀಗೆ ಮನೆಮನೆಗೆ ಪೆನ್ನಿ ಕೇಳಲು ಹೋದವರ ಕಣ್ಣಿಗೆ ಬಿದ್ದದ್ದು ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾವ ಗಂಡ ಕುಡಿದು ಹೊಡೆಯುತ್ತಾನೆ ಎಂಬುದು. ದುಡ್ಡು ಕೂಡಿಸಲು ಹುಟ್ಟಿದ ಪಟ್ಟಿ ಕಷ್ಟಸುಖ ಕೇಳುವ ಬಳಗವಾಯಿತು. ಅಂಥ ಬಳಗಕ್ಕೆ ಕ್ಲಾಸ್ ಎಂದೇ ಹೆಸರಾಯಿತು; ಇಂದಿಗೂ ಮೆಥಡಿಸ್ಟರಲ್ಲಿ ಕ್ಲಾಸ್ ಲೀಡರ್ ಎಂಬ ಹೆಸರು ಉಳಿದಿರುವುದು ಇದರಿಂದ.

ಫಾಯ್ ಮಾಡಿದ್ದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವನು ಬಡವರ ಹೆಸರನ್ನು ಪಟ್ಟಿಯಿಂದ ತೆಗೆಯದೇ ಇದ್ದದ್ದು. ಪಾಪ, ಇವರಿಂದ ಬೇಡ ಎಂದು ಬಿಟ್ಟುಬಿಡುವುದು ಸುಲಭವಿತ್ತು. ಬಿಟ್ಟಿದ್ದರೆ ಅವರು ಕೊಡುವವರ ಸಾಲಿನಿಂದ ಹೊರಗೆ, ಬೇಡುವವರ ಸಾಲಿನಲ್ಲಿ ಉಳಿಯುತ್ತಿದ್ದರು.

ನಮ್ಮಲ್ಲಿ ಈ ಮಾತಿಗೆ ಇನ್ನೂ ಆಳವಾದ ಅರ್ಥವಿದೆ. ನಮ್ಮ ಕಡೆಯ ಹಳ್ಳಿ ಸಭೆಗಳಲ್ಲಿ ಬಹಳ ಮಂದಿಯ ಅಜ್ಜ ಮುತ್ತಜ್ಜಂದಿರು ಕಣದ ಅಂಚಿನಲ್ಲಿ ನಿಂತವರು. ರಾಶಿ ಪೂಜೆ ಮುಗಿದು ಆಯಗಾರರಿಗೆಲ್ಲ ಆಯ ಹೋದ ಮೇಲೆ, ಕಟ್ಟಕಡೆಗೆ, ದೂರದಿಂದಲೇ ಉಡಿಗೆ ಎಸೆದ ಕಾಳನ್ನು ಒಡ್ಡಿ ಹಿಡಿದವರು. ಅವರ ಮೊಮ್ಮಕ್ಕಳು ಕೈಯೊಳಗಿನ ಒಂದು ಹಿಡಿ ಜೋಳವನ್ನು ದೇವರ ಪಾಲು ಎಂದು ತಾವೇ ಎತ್ತಿಟ್ಟಾಗ ನಡೆದದ್ದು ಸಣ್ಣ ಸಂಗತಿಯಲ್ಲ. ತೆಲುಗು ನಾಡಿನ ದೋರ್ನಕಲ್‌ನಲ್ಲಿ ಇದನ್ನು ಕಂಡು ಆಧರಿಸಿದವನು ವಿ. ಎಸ್. ಅಜರಯ್ಯ. 1912ರಲ್ಲಿ ಬಿಷಪ್ ಆದ ಮೊದಲ ಭಾರತೀಯ ಆಂಗ್ಲಿಕನ್ ಅವನು. ಅವನ ಸಭೆಯವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಕೂಲಿಕಾರರು. ಅಡಿಗೆಗೆ ಎಸರಿಡುವ ಮುನ್ನ ಹೆಣ್ಣುಮಕ್ಕಳು ಒಂದು ಹಿಡಿ ಅಕ್ಕಿ ಬೇರೆ ಇಡುವುದು ಅಲ್ಲಿ ರೂಢಿಯಾಯಿತು. ಬಡವರಿಗೆ ಕೊಡುವುದನ್ನು ಕಲಿಸದಿರುವುದು ಅವರಿಗೆ ಮಾಡುವ ಅನ್ಯಾಯವೆಂದು ಅಜರಯ್ಯ ನಂಬಿದ್ದ; ಕ್ರೈಸ್ತರ ಕೊಡುಗೆಯ ಬಗ್ಗೆ ಪುಸ್ತಕವನ್ನೇ ಬರೆದ. ದೋರ್ನಕಲ್‌ನ ಕಥೀಡ್ರಲ್ 1939ರ ಜನವರಿ 6ರಂದು ಪ್ರತಿಷ್ಠೆಗೊಂಡಿತು. ಮಿಜೋರಾಮಿನಲ್ಲೂ ಇದೇ ಹಿಡಿ ಅಕ್ಕಿಯ ರೂಢಿ 1910ರಲ್ಲಿ ಶುರುವಾಗಿ ಇಂದಿಗೂ ಮನೆಮನೆಯಲ್ಲಿ ನಡೆದಿದೆ, ಅಲ್ಲಿಯ ಪ್ರೆಸ್‌ಬಿಟೀರಿಯನ್ ಸಭೆಯ ದೊಡ್ಡ ಆಧಾರ ಅದು.

ಹೊರಗಿನಿಂದ ಬಂದ ದುಡ್ಡಿನ ಮೂಲವೂ ಹಲವು ಸಲ ಇಂಥದೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಶಾಲೆ ತೆರೆದ ಬಾಸೆಲ್ ಮಿಷನ್ನಿಗೆ ಸ್ವಿಟ್ಜರ್‌ಲ್ಯಾಂಡಿನ ಸಿರಿವಂತರಷ್ಟೇ ಕೊಟ್ಟರೆಂದು ನಾವು ತಿಳಿದಿದ್ದೇವೆ. ಆದರೆ 1855ರಲ್ಲಿ ಕಾರ್ಲ್ ಸಾರಾಸಿನ್ ಎಂಬ ಬಾಸೆಲ್‌ನ ವ್ಯಾಪಾರಿ ಅರ್ಧ ಬಾಟ್ಸೆನ್ ಕೂಡಿಕೆ ಎಂಬುದನ್ನು ಆರಂಭಿಸಿದ. ಅರ್ಧ ಬಾಟ್ಸೆನ್ ಎಂದರೆ ಐದು ಸಾಂತೀಮು, ಚಿಲ್ಲರೆ ಕಾಸು. ವಾರಕ್ಕೆ ಅಷ್ಟನ್ನು ಎತ್ತಿಡಲು ಅಡಿಗೆಯವಳಿಂದಲೂ ಆದೀತು, ನೇಕಾರನಿಂದಲೂ ಆದೀತು. ಇಲ್ಲಿ ಅಕ್ಷರ ಕಲಿತ ಮಕ್ಕಳ ಹಿಂದೆ ಅಲ್ಲಿಯ ಯಾರೋ ಹೆಸರಿಲ್ಲದವರ ವಾರದ ಕಾಸೂ ಇತ್ತು.

ನಮ್ಮ ಮನೆಯ ಗಡಿಗೆ. ಅವ್ವ ಬೀಸುಕಲ್ಲಿನ ಮುಂದೆ ಕೂರುವ ಮುಂಚೆ ಮೊರದಿಂದ ಒಂದು ಹಿಡಿ ಜೋಳ ತೆಗೆದು ಅದಕ್ಕೆ ಹಾಕುತ್ತಿದ್ದಳು. ಶನಿವಾರ ಸಂಜೆ ಸಭೆಯ ಹಿರಿಯ ಹೆಣ್ಣುಮಗಳೊಬ್ಬಳು ಚೀಲ ಹಿಡಿದು ಬಂದು ಅದನ್ನು ಸುರುವಿಕೊಂಡು ಹೋಗುತ್ತಿದ್ದಳು. 1972ರ ಬರ ಬಂತು. ಆ ವರ್ಷ ಅವ್ವನ ಹಿಡಿ ಸಣ್ಣದಾಯಿತು, ಆಮೇಲೆ ಮೂರು ಬೆರಳಿಗೆ ಸಿಕ್ಕಷ್ಟಾಯಿತು, ಒಂದು ವಾರ ಗಡಿಗೆ ಬೋರಲು ಬಿತ್ತು. ಆ ಶನಿವಾರ ಚೀಲ ಹಿಡಿದು ಬಂದಾಕೆ ಗಡಿಗೆಯತ್ತ ನೋಡಲೇ ಇಲ್ಲ. ತನ್ನ ಚೀಲದ ಬಾಯಿ ಬಿಚ್ಚಿ ನಮ್ಮ ಮೊರದ ತುಂಬ ಜೋಳ ಸುರುವಿದಳು. ಆಕೆ ಹೋದ ಮೇಲೆ ಅವ್ವ ಬಹಳ ಹೊತ್ತು ಮೊರದ ಮುಂದೆ ಕೂತಿದ್ದಳು. ನಂತರ ಎದ್ದು, ಬೋರಲಾಗಿದ್ದ ಗಡಿಗೆ ಎತ್ತಿ, ಅದೇ ಜೋಳದಿಂದ ಒಂದು ಹಿಡಿ ಅದಕ್ಕೆ ಹಾಕಿದಳು. ನನಗೆ ಹಸಿವಾಗಿತ್ತು, ಸಿಟ್ಟೂ ಬಂದಿತ್ತು. ಅವ್ವ ಏನೂ ಹೇಳಲಿಲ್ಲ. ನಿಮ್ಮ ಪತ್ರದಲ್ಲಿ "ಹಿಂದಕ್ಕ ಕೊಡೂದು" ಎಂಬ ಮಾತು ಓದಿದಾಗ ಮೊದಲು ಕಣ್ಣೆದುರು ಬಂದದ್ದು ಆ ಹಿಡಿ.

ಈಗ ಕಷ್ಟದ ಪ್ರಶ್ನೆ, ಸಾಲ. ಇಲ್ಲಿ ಬೈಬಲು ಅಸ್ಪಷ್ಟವಾಗಿಲ್ಲ. ಯೇಸುವಿನ ಕಾಲದಲ್ಲಿ ಕೊರ್ಬಾನ್ ಎಂಬ ಪದ್ಧತಿಯಿತ್ತು. ಮುಪ್ಪಿನ ತಾಯಿತಂದೆಗೆ ಹೋಗಬೇಕಾದದ್ದನ್ನು ಇದು ದೇವರಿಗೆ ಮೀಸಲು ಎಂದು ಹೇಳಿಬಿಟ್ಟರೆ ಕೊಡುವ ಹೊಣೆ ತಪ್ಪುತ್ತಿತ್ತು. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಇದನ್ನು ಕಟುವಾಗಿ ಖಂಡಿಸುತ್ತಾನೆ. ಇನ್ನೊಂದು ಕಡೆ, ಕಾಣಿಕೆ ಹಿಡಿದು ಯಜ್ಞವೇದಿಗೆ ಬಂದಾಗ ನಿನ್ನ ಮೇಲೆ ಅಣ್ಣತಮ್ಮನಿಗೆ ಏನೋ ದೂರು ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗು ಎನ್ನುತ್ತಾನೆ. ಎಲೀಷ ಪ್ರವಾದಿಯ ಬಳಿ ಒಬ್ಬ ವಿಧವೆ ಬರುತ್ತಾಳೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ನಿಂತಿದ್ದಾನೆ, ಮನೆಯಲ್ಲಿ ಒಂದು ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ. ಆ ಎಣ್ಣೆ ನೆರೆಹೊರೆಯವರ ಪಾತ್ರೆಗಳೆಲ್ಲ ತುಂಬುವಷ್ಟು ಹೆಚ್ಚಿತು. ಆಗ ಪ್ರವಾದಿ ಕೊಟ್ಟ ಅಪ್ಪಣೆಯಲ್ಲಿ ದೇವಾಲಯದ ಮಾತೇ ಇಲ್ಲ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ. ನಿಮ್ಮ ಅಂಗಡಿಯ ಸಾಮಾನೂ ಒಂದು ಕಡೆ ಬರುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಡುತ್ತೀರಿ, ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟುಬಿಟ್ಟಿದ್ದೀರಿ ಎಂದು ಯೇಸು ಶಾಸ್ತ್ರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಜೀರಿಗೆ ಎಣಿಸಬೇಡಿ ಎಂದು ಹೇಳಲಿಲ್ಲ, ದೊಡ್ಡದನ್ನು ಬಿಡಬೇಡಿ ಎಂದ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತರಿಗೆ ಇಂತಿಷ್ಟೇ ಪಾಲು ಎಂಬ ನಿಗದಿ ಇಲ್ಲ. ಪೌಲನು ಕೊರಿಂಥದವರಿಗೆ ಬರೆದದ್ದು, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು, ಬಲವಂತಕ್ಕಲ್ಲದೆ, ಇದ್ದುದಕ್ಕೆ ತಕ್ಕಂತೆ ಎಂದು. ಕಥೋಲಿಕರು ಶಕ್ತ್ಯನುಸಾರ ಎನ್ನುತ್ತಾರೆ. ಮೆಥಡಿಸ್ಟರಲ್ಲಿ, ಇತ್ತೀಚಿನ ಪ್ರಾರ್ಥನಾ ಸಭೆಗಳಲ್ಲಿ ದಶಮಾಂಶದ ಒತ್ತು ಹೆಚ್ಚು. ನನ್ನ ಮಟ್ಟಿಗೆ ಹತ್ತನೇ ಪಾಲು ಒಳ್ಳೆಯ ಶಿಸ್ತು, ನಾನೂ ಪಾಲಿಸುತ್ತೇನೆ. ಆದರೆ ತಿಂಗಳ ಸಂಬಳದವನಿಗೆ ಹತ್ತನೇ ಪಾಲು ಹೋದರೂ ತಟ್ಟೆ ಖಾಲಿಯಾಗುವುದಿಲ್ಲ. ಕೂಲಿಯವಳಿಗೆ ಅದು ಎರಡು ದಿನದ ರೊಟ್ಟಿ. ಇಬ್ಬರಿಗೂ ಒಂದೇ ಅಳತೆ ಹಿಡಿದು ನ್ಯಾಯ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ವೆಸ್ಲಿಯ ಲೆಕ್ಕದಲ್ಲಿ ಉಳ್ಳವನ ಅಳತೆ ಹತ್ತನೇ ಪಾಲಿಗೆ ನಿಲ್ಲುವುದೇ ಇಲ್ಲ. ನಿಮ್ಮ ಓಣಿಯ ಮುಸ್ಲಿಂ ನೆರೆಯವರನ್ನು ಕೇಳಿ ನೋಡಿ: ಜಕಾತ್ ನೂರಕ್ಕೆ ಎರಡೂವರೆ, ಅದೂ ಒಂದು ಮಟ್ಟಕ್ಕೆ ಮೇಲ್ಪಟ್ಟು ವರ್ಷವಿಡೀ ಉಳಿದ ಸಂಪತ್ತಿನ ಮೇಲೆ, ಸಾಲದಲ್ಲಿ ಮುಳುಗಿದವನು ಅದನ್ನು ಪಡೆಯುವ ಎಂಟು ಬಗೆಯವರಲ್ಲಿ ಒಬ್ಬ.

ಹಾಗಾದರೆ ಆ ಅಕ್ಕ ಮಾಡುವುದು ಸರಿಯೇ? ಡಬ್ಬಿಗೆ ಹಾಕಿದ ಮೇಲೂ ವಾರವಾರ ನಿಮ್ಮ ಬಾಕಿಗೆ ಅಷ್ಟಿಷ್ಟು ಕೊಡುತ್ತ, ಮಕ್ಕಳಿಗೆ ಹೊಟ್ಟೆ ತುಂಬ ಉಣಿಸುತ್ತ ಇದ್ದರೆ ಸರಿ, ಸರಿಗಿಂತ ಹೆಚ್ಚು. ಉಳಿದ ಒಂಬತ್ತು ಪಾಲೂ ದೇವರದ್ದೇ ಎಂದು ನಂಬಿದವಳು ನಿಮ್ಮ ಉದ್ರಿ ತೀರಿಸುವಾಗಲೂ ದೇವರ ಲೆಕ್ಕವನ್ನೇ ತೀರಿಸುತ್ತಿದ್ದಾಳೆ. ಡಬ್ಬಿಯ ಕಾರಣಕ್ಕೆ ಒಲೆ ಹೊತ್ತದಿದ್ದರೆ, ಅಥವಾ ಡಬ್ಬಿ ತುಂಬುತ್ತ ನಿಮ್ಮ ಬಾಕಿ ಬೆಳೆಯುತ್ತಲೇ ಇದ್ದರೆ, ಡಬ್ಬಿ ಕಾಯಬೇಕು. ಆ ಮಾತನ್ನು ಹೇಳಬೇಕಾದವರು ನೀವಲ್ಲ, ಅವರ ಸಭೆಯ ಪಾಸ್ಟರು. ಹೇಳಿ ಸುಮ್ಮನಾದರೂ ಸಾಲದು. ಹೊಲವಿಲ್ಲದ ಕೂಲಿ ಹೆಣ್ಣುಮಗಳು ಧರ್ಮೋಪದೇಶಕಾಂಡದ ಆ ಮೂರನೇ ವರ್ಷದ ಊಟದಲ್ಲಿ ಉಣ್ಣಬೇಕಾದವಳು. ಕಾಣಿಕೆ ಚೀಲ ಅವಳ ಮನೆಗೂ ಒಮ್ಮೆ ಬಾಯಿ ಬಿಚ್ಚಬೇಕು.

ಹೀಗೆ ಹೇಳಲು ಕಾರಣವಿದೆ. ಕೊಡು, ದೇವರು ನೂರುಪಟ್ಟು ತಿರುಗಿ ಕೊಡುತ್ತಾನೆ, ಸಾಲ ತೀರಬೇಕೆ, ಮೊದಲು ದಶಮಾಂಶ ಹಾಕು ಎಂದು ಕೂಲಿಯವರ ಮುಂದೆ ನಿಂತು ಹೇಳುವ ಬೋಧನೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಧಾರಕ್ಕೆ ಪ್ರವಾದಿ ಮಲಾಕಿಯ ಪುಸ್ತಕವನ್ನು ಎತ್ತುತ್ತಾರೆ, ದಶಮಾಂಶ ಕೊಡದವರು ದೇವರಿಂದ ಕದ್ದಂತೆ ಎಂಬ ಭಾಗವನ್ನು. ಮಲಾಕಿ ಅಲ್ಲಿ ಹೇಳುತ್ತಿರುವುದು ಕಾಳಿನ ಕಣಜದ ಮಾತು. ಕಣಜ ಖಾಲಿಯಾದರೆ ಏನಾಗುತ್ತಿತ್ತು ಎಂಬುದು ನೆಹೆಮೀಯನ ಪುಸ್ತಕದಲ್ಲಿದೆ: ದೇವಾಲಯದ ಸೇವೆಯ ಲೇವಿಯರು ಪಾಲು ಬಾರದೆ ಹೊಲಗಳಿಗೆ ಓಡಿಹೋಗಿದ್ದರು. ಅದೇ ಮಲಾಕಿ ಅದೇ ಅಧ್ಯಾಯದಲ್ಲಿ, ಕೂಲಿಯವನ ಕೂಲಿ ಹಿಡಿಯುವವರ, ವಿಧವೆ ತಬ್ಬಲಿಗಳನ್ನು ಹಿಂಡುವವರ ಮೇಲೆ ದೇವರು ಸಾಕ್ಷಿಯಾಗಿ ಬರುತ್ತಾನೆಂದೂ ಹೇಳುತ್ತಾನೆ. ಆ ಭಾಗವನ್ನು ಬಿಟ್ಟು ಓದುವುದು ತಪ್ಪು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯೂ ಹಾಗೇ. ವಿಧವೆಯರ ಮನೆ ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರವಿರಲಿ ಎಂದು ಹೇಳಿ ಮುಗಿಸಿದ ಮರುಗಳಿಗೆಯೇ ಯೇಸು ಅವಳನ್ನು ತೋರಿಸುತ್ತಾನೆ. ಅವಳ ದೊಡ್ಡ ಮನಸ್ಸನ್ನು ಹೊಗಳುವವರು ಆ ಎಚ್ಚರಿಕೆಯನ್ನೂ ಓದಬೇಕು.

ರೊಕ್ಕ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉದ್ದದ ಉತ್ತರ ಬೇಡ. ಪಾಸ್ಟರ ಸಂಬಳ, ಗುಡಿಯ ದುರಸ್ತಿ, ಕರೆಂಟ್ ಬಿಲ್ಲು, ಹಾಸಿಗೆ ಹಿಡಿದವರ ಔಷಧ, ಮಣ್ಣಿನ ಖರ್ಚು, ಮೇಲಿನ ಸಭೆಗೆ ಹೋಗುವ ಪಾಲು. ಮೆಥಡಿಸ್ಟ್ ಸಭೆಗಳಲ್ಲಿ ಲೆಕ್ಕ ನೋಡುವವರ ಹುದ್ದೆಯ ಹೆಸರೇ ಸ್ಟುವರ್ಡ್, ಮನೆವಾರ್ತೆಯವರು. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯ ಸೀಮೆಗಳಲ್ಲಿ ಕೂಡಿದ ದುಡ್ಡನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಯಾರೂ ತನ್ನ ಮೇಲೆ ಬೆರಳು ತೋರಿಸಬಾರದೆಂದು ಸಭೆಗಳೇ ಆರಿಸಿದ ಜನರನ್ನು ಜೊತೆಗೆ ಕರೆದೊಯ್ದ. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಓದದ ಸಭೆಗೆ ಕಾಣಿಕೆ ಕೇಳುವ ಬಾಯಿಯಿಲ್ಲ ಎಂದೇ ನನ್ನ ನಂಬಿಕೆ.

ಮನೆವಾರ್ತೆಯನ್ನು ರೊಕ್ಕಕ್ಕಷ್ಟೇ ಕಟ್ಟಿಹಾಕಿದರೆ ನಮ್ಮ ಸೀಮೆಯ ದೊಡ್ಡ ಲೆಕ್ಕ ತಪ್ಪಿಹೋಗುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ವಂಟಮುರಿಯ ಆ ದೇಸಾಯರು ಶಿಕ್ಷಣಕ್ಕೆ ಕೊಟ್ಟ ಕೊಡುಗೆ ಬೆಳಗಾವಿಯ ಕಾಲೇಜುಗಳ ಹೆಸರಿನಲ್ಲಿ ಉಳಿದಿದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ಇಡೀ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ನಮ್ಮ ನೆಲಕ್ಕೆ ಕೊಡುವುದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಆದರೆ ಅದೇ ಜಲಾಶಯದ ಕಾಲುವೆ ನೀರನ್ನು ಕಬ್ಬಿಗೆ ಅಳತೆಯಿಲ್ಲದೆ ಹಾಯಿಸಿ ಎಷ್ಟೋ ಎರೆಹೊಲಗಳು ಸವಳು ಜವಳಾಗಿರುವುದನ್ನು ನೀವು ದಿನಾ ನೋಡುತ್ತೀರಿ. ನೆಲ ನನ್ನದು ಎಂದ ಧಣಿ ಏಳನೇ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಿ ಎಂದೂ ಹೇಳಿದ್ದ. ಮಣ್ಣಿನ ಮೇಲೆ ಬಿಳಿ ಉಪ್ಪು ಏಳಿಸಿಟ್ಟು, ಸಕ್ಕರೆ ಕಾರ್ಖಾನೆಯ ಬಿಲ್ಲಿನಲ್ಲಿ ಹತ್ತನೇ ಪಾಲು ಕೊಟ್ಟೆ ಎಂದರೆ ಲೆಕ್ಕ ಕೂಡುವುದಿಲ್ಲ. ಕೊಡುವ ಗುಣ ನಮ್ಮಲ್ಲಿ ಬತ್ತಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಗೇ ನುಗ್ಗಿದಾಗ ಎಲ್ಲೆಲ್ಲಿಯೋ ಊರುಗಳಿಂದ ಗಂಟುಕಟ್ಟಿದ ಕಟಿ ರೊಟ್ಟಿ, ಶೇಂಗಾ ಚಟ್ನಿ ಟ್ರ್ಯಾಕ್ಟರು ಟೆಂಪೋಗಳಲ್ಲಿ ನೆರೆಗೆ ಸಿಕ್ಕ ಊರುಗಳಿಗೆ ಬಂದವು. ಯಾರ ಮನೆಯ ಹಿಟ್ಟು, ಯಾವ ಜಾತಿಯ ಕೈ ಎಂದು ಯಾರೂ ವಹಿ ತೆಗೆಯಲಿಲ್ಲ.

ನಿಮಗೊಂದು ಕರೆ ಕೊಟ್ಟು ಮುಗಿಸುತ್ತೇನೆ. ನಮ್ಮ ಸಭೆಗಳಲ್ಲಿ ವರ್ಷಕ್ಕೊಂದು ಭಾನುವಾರ ಸುಗ್ಗಿ ಹಬ್ಬ ನಡೆಯುತ್ತದೆ. ದಿನ ಊರಿಂದೂರಿಗೆ ಬೇರೆ, ಆ ಅಕ್ಕನನ್ನೇ ಕೇಳಿ. ಹೊಲವಿದ್ದವರು ಜೋಳ, ಶೇಂಗಾ, ಅರಿಶಿನ, ಕಬ್ಬಿನ ಗಳ ತರುತ್ತಾರೆ. ಇಲ್ಲದವರು ಹಿತ್ತಲ ಕುಂಬಳಕಾಯಿ, ನಾಲ್ಕು ಕೋಳಿ ಮೊಟ್ಟೆ, ಒಂದು ಪೆಂಡಿ ಮೆಂತೆ ತರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಯಾರು ಬೇಕಾದರೂ ಬಂದು ಕೂಗಬಹುದು, ಅಂಗಡಿಯವರು ಬಂದರಂತೂ ಒಳ್ಳೆಯ ಬೆಲೆ ಏರುತ್ತದೆ. ಒಂದು ಕುಂಬಳಕಾಯಿಯನ್ನು ಒಬ್ಬರು ಕೂಗಿ ಹಿಡಿದು, ದುಡ್ಡು ಕೊಟ್ಟು, ಕಾಯಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಅದನ್ನು ಇನ್ನೊಬ್ಬರು ಕೂಗುತ್ತಾರೆ, ಅವರೂ ಇಡುತ್ತಾರೆ. ನಾಲ್ಕೈದು ಸಲ ತಿರುಗಿದ ಮೇಲೆ ಕೊನೆಯವರು ಅದನ್ನು ಸಭೆಯ ಯಾವುದಾದರೂ ಮುದುಕಿಯ ಉಡಿಗೆ ಹಾಕುತ್ತಾರೆ. ಬರುವಾಗ ಕೈಚೀಲ ತನ್ನಿ.